ಅಪರೂಪದ ಹೆಣ್ಣು ಮಗು ಹೆಸರು: ಅರ್ಥ ಏನು, ಎಷ್ಟು ಜನಕ್ಕಿದೆ ಅಂತ ಕೊಡಗಲ್ಲೇ ಕೂತು ಹುಡುಕೋದು ಹೇಗೆ

ಮಗಳಿಗೆ ಸುಜ್ಯೋತಿ ಅಂತ ಇಡೋಣ್ವಾ ಅಂತ ಮನೇಲಿ ಯಾರಾದ್ರೂ ಕೇಳಿದ ಕೂಡ್ಲೇ ಎಲ್ರೂ ಮೊಬೈಲ್ ತೆಗೆದು ಗೂಗಲ್ ಮಾಡ್ತಾರೆ. ಅಲ್ಲಿ ಮಕ್ಕಳ ಹೆಸರಿನ ಸೈಟ್‌ಗಳು ಸಾಲಾಗಿ ಬರುತ್ವೆ, ಒಂದರಲ್ಲಿ ಇರೋದನ್ನೇ ಇನ್ನೊಂದು ಕಾಪಿ ಹೊಡ್ಕೊಂಡಿರುತ್ತೆ, ಅರ್ಥ ಸಿಗದಿದ್ರೆ ಲಕ್ಷ್ಮಿ ಅಂತಲೋ ಸುಂದರಿ ಅಂತಲೋ ಹಾಕಿಬಿಟ್ಟಿರ್ತಾರೆ, ಕೆಳಗಡೆ ಲಕ್ಕಿ ನಂಬರ್ ಬೇರೆ. ದಯವಿಟ್ಟು ಅದನ್ನ ನಂಬಿ ಹೆಸರು ಇಡ್ಬೇಡಿ, ಇಷ್ಟ ಆದ ಹೆಸರನ್ನ ಬಿಡಲೂ ಬೇಡಿ. ಕೊಡಗಿನ ಹೆಸರು ಅಂದ್ರೆ ಅದರ ಬೇರು ಇಲ್ಲೇ ಇರುತ್ತೆ, ನದೀಲಿ, ಮನೆತನದಲ್ಲಿ, ಅಜ್ಜಿ ಬಾಯಲ್ಲಿ. ಅಲ್ಲೇ ಹುಡುಕ್ಬೇಕು, ಆಮೇಲೆ ಪುಸ್ತಕದಲ್ಲಿ ತಾಳೆ ನೋಡ್ಬೇಕು.

ಮೊದಲು ನೋಡ್ಬೇಕಾದ್ದು ಹೆಸರು ಯಾವ ಭಾಷೇದು ಅಂತ. ನಮ್ಮಲ್ಲಿ ಕೊಡವ ಭಾಷೆ, ಅರೆಭಾಷೆ, ಕನ್ನಡ, ತುಳು, ಮಲಯಾಳಂ ಎಲ್ಲಾ ಒಂದೇ ಸಂತೇಲಿ ಕೇಳುತ್ತೆ, ಹಾಗಾಗಿ ಒಂದು ಹೆಸರಿಗೆ ಸಂಸ್ಕೃತದ ಅರ್ಥಾನೇ ಇರ್ಬೇಕು ಅಂತೇನಿಲ್ಲ. ಸುಜ್ಯೋತಿ ಸಂಸ್ಕೃತ, ಸು ಅಂದ್ರೆ ಒಳ್ಳೇದು, ಜ್ಯೋತಿ ಬೆಳಕು, ಅಲ್ಲಿಗೆ ಪದದ ಅರ್ಥ ಆಯ್ತು. ಆದ್ರೆ ಹೆಸರಿನ ಅರ್ಥ ಅಲ್ಲಿಗೆ ಮುಗಿಯಲ್ಲ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿ ಕನ್ನಿಕೆ ಜೊತೆ ಸೇರೋ ಮೂರನೇ ನದಿ ಸುಜ್ಯೋತಿ, ಕಣ್ಣಿಗೆ ಕಾಣಲ್ಲ, ನೆಲದಡಿಯಲ್ಲಿ ಹರಿದು ಬರ್ತಾಳೆ ಅನ್ನೋ ನಂಬಿಕೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋರು ಮೊದಲು ಸಂಗಮದಲ್ಲಿ ಮುಳುಗಿಯೇ ಮೇಲೆ ಹತ್ತೋದು, ಅಂದ್ರೆ ಈ ಹೆಸರನ್ನ ಕೊಡಗಿನವರು ಚಿಕ್ಕ ವಯಸ್ಸಿಂದ ಕೇಳಿರ್ತಾರೆ, ಆದ್ರೂ ಮಗುಗೆ ಇಡೋರು ಕಮ್ಮಿ. ಕಾವೇರಿ ಹೆಸರು ಮನೆಗೊಂದು ಇರುತ್ತೆ, ಅವಳ ಜೊತೆಗಾರ್ತಿ ಹೆಸರು ನನಗೆ ಕೇಳಿಸೋದೇ ಅಪರೂಪ. ಇಂಥ ಅರ್ಥ ಯಾವ ಹೆಸರಿನ ಆಪ್ ಕೂಡ ಕೊಡಲ್ಲ.

ಲೋಪಾಮುದ್ರಾ ಕೂಡ ಹಾಗೇ. ಕಾವೇರಿ ಪುರಾಣದಲ್ಲಿ ಕವೇರ ಮುನಿಗೆ ಮಗಳಾಗಿ ಬಂದವಳು, ಅಗಸ್ತ್ಯರ ಹೆಂಡತಿ, ಕಮಂಡಲದಿಂದ ನದಿಯಾಗಿ ಹರಿದವಳು ಅವಳೇ. ಋಗ್ವೇದದ ಮೊದಲನೇ ಮಂಡಲದ 179ನೇ ಸೂಕ್ತದಲ್ಲಿ ಲೋಪಾಮುದ್ರೆಯ ಮಾತೇ ಇದೆ, ಅಷ್ಟು ಹಳೇ ಹೆಸರು. ಹೆಸರು ಉದ್ದ ಆಯ್ತು ಅನ್ನೋರು ಮನೇಲಿ ಮುದ್ರಾ ಅಂತ ಕರೀಬಹುದು, ನನಗಂತೂ ಪೂರ್ತಿ ಹೆಸರೇ ಚೆಂದ.

ಈಗ ಕೊಡವ ಹೆಸರಿಗೆ ಬರೋಣ, ಇಲ್ಲಿ ಕೆಲಸ ಬೇರೆ. ಮೊದಲು ಕೊನೇಲಿರೋ ಅಮ್ಮ, ಅವ್ವ ತೆಗೆದುಬಿಡಿ, ಅದು ಗೌರವಕ್ಕೆ ಸೇರಿರೋದು. ಉಳಿದ ಭಾಗ ನೋಡಿ. ಪೊನ್ನಮ್ಮದಲ್ಲಿ ಪೊನ್ನ್, ಬೊಳ್ಳಮ್ಮದಲ್ಲಿ ಬೊಳ್ಳಿ, ಪೂವಮ್ಮದಲ್ಲಿ ಪೂ, ಮುತ್ತಮ್ಮದಲ್ಲಿ ಮುತ್ತ್. ಕನ್ನಡದವರಿಗೆ ಇದನ್ನ ಹಿಡಿಯೋಕೆ ಒಂದು ಸುಲಭ ದಾರಿ ಇದೆ, ನಾವು ಈಗ ಹ ಅನ್ನೋ ಕಡೆ ಕೊಡವದಲ್ಲಿ ಹಳೇ ಪ ಹಾಗೇ ಉಳಿದಿದೆ. ಹುತ್ತರಿ ಅಲ್ಲಿ ಪುತ್ತರಿ, ಹಾಲು ಅಲ್ಲಿ ಪಾಲ್, ಹೂ ಅಲ್ಲಿ ಪೂ, ಹೊನ್ನು ಅಲ್ಲಿ ಪೊನ್ನ್. ಬೆಳ್ಳಿ ಬೊಳ್ಳಿ ಆಗುತ್ತೆ. ಹಾಗಾಗಿ ಪ ಇಂದ ಶುರು ಆಗೋ ಹೆಸರು ಅರ್ಥ ಆಗ್ಲಿಲ್ಲ ಅಂದ್ರೆ ಹ ಹಾಕಿ ಒಂದ್ಸಲ ಹೇಳ್ಕೊಂಡು ನೋಡಿ, ಎಷ್ಟೋ ಸಲ ಅಲ್ಲೇ ಬಾಗಿಲು ತೆಗೆಯುತ್ತೆ.

ಇನ್ನೊಂದು ದಾರಿ, ಜೋಡಿ ಹೆಸರು ಹುಡುಕೋದು. ಪೊನ್ನಮ್ಮಗೆ ಪೊನ್ನಪ್ಪ, ಪೂವಮ್ಮಗೆ ಪೂವಯ್ಯ, ಮುತ್ತಮ್ಮಗೆ ಮುತ್ತಪ್ಪ, ಮಾಚಮ್ಮಗೆ ಮಾಚಯ್ಯ. ಹೆಣ್ಣಿನ ಹೆಸರು ಎಲ್ಲೂ ಸಿಗದಿದ್ರೂ ಗಂಡಿನ ಹೆಸರು ಯಾರದೋ ಮನೇಲಿ, ಯಾವುದೋ ಐನ್‌ಮನೆ (ಮನೆತನದ ಮೂಲ ಮನೆ) ಕಾರೋಣಂಗಳ, ಅಂದ್ರೆ ಹಿಂದಿನ ಹಿರಿಯರ ಹೆಸರಲ್ಲಿ ಉಳ್ಕೊಂಡಿರುತ್ತೆ, ಅದರಿಂದ ಹೆಣ್ಣಿನ ಹೆಸರಿನ ಬೇರು ಗೊತ್ತಾಗುತ್ತೆ. ಇದಕ್ಕೆ ವಯಸ್ಸಾದವರ ಹತ್ರ ಕೂತು ಕೇಳೋದು ಬಿಟ್ರೆ ಬೇರೆ ದಾರಿ ಇಲ್ಲ. ಕೇಳುವಾಗ ಈ ಹೆಸರಿನ ಅರ್ಥ ಏನಜ್ಜಿ ಅಂತ ಶುರು ಮಾಡ್ಬೇಡಿ, ಏನೋಪ್ಪ ಹೆಸರು ಅಷ್ಟೇ ಅಂದುಬಿಡ್ತಾರೆ. ಈ ಹೆಸರಿನವರು ಯಾರ್ಯಾರಿದ್ರು, ಯಾವ ಮನೇಲಿ, ಅವರನ್ನ ಏನಂತ ಕರೀತಿದ್ರು ಅಂತ ಕೇಳಿ, ಆಗ ಕತೆನೇ ಬರುತ್ತೆ, ಯಾರ ನೆನಪಿಗೆ ಯಾರಿಗೆ ಇಟ್ರು ಅನ್ನೋದೂ ಬರುತ್ತೆ, ಮಗು ದೊಡ್ಡವಳಾದ ಮೇಲೆ ಹೇಳೋಕೆ ಅದು ಬೇಕು.

ಪುಸ್ತಕದಲ್ಲಿ ತಾಳೆ ನೋಡೋದು ಕಷ್ಟ ಏನಿಲ್ಲ. ಕನ್ನಡ ಪದಕ್ಕೆ ಅಲರ್ ಅನ್ನೋ ಆನ್‌ಲೈನ್ ನಿಘಂಟು ಸಾಕು, ಹಳೇ ಪದ ಆದ್ರೆ ಕಿಟ್ಟೆಲ್ ಅವರ 1894ರ ನಿಘಂಟು ಅಥವಾ ಸಾಹಿತ್ಯ ಪರಿಷತ್ತಿನ 8 ಸಂಪುಟದ ದೊಡ್ಡ ನಿಘಂಟು. ಸಂಸ್ಕೃತಕ್ಕೆ ಮೋನಿಯರ್ ವಿಲಿಯಮ್ಸ್. ಕೊಡವ ಪದಕ್ಕೆ ಟಿ. ಬರೋ (Burrow) ಮತ್ತು ಎಂ. ಬಿ. ಎಮೆನೋ (Emeneau) ಅನ್ನೋ ಇಬ್ಬರು ವಿದ್ವಾಂಸರು ಮಾಡಿದ ದ್ರಾವಿಡ ಭಾಷೆಗಳ ನಿಘಂಟು ನೋಡಿ, ಎಮೆನೋ 1930ರ ದಶಕದಲ್ಲಿ ಭಾರತಕ್ಕೆ ಬಂದಾಗ ಕೊಡವ ಭಾಷೆ ಮೇಲೂ ಕೆಲಸ ಮಾಡಿದವರು, ನಿಘಂಟಿನ 1984ರ ಎರಡನೇ ಆವೃತ್ತಿ ಶಿಕಾಗೋ ಯೂನಿವರ್ಸಿಟಿ ಸೈಟ್‌ನಲ್ಲಿ ಫ್ರೀಯಾಗಿ ಹುಡುಕ್ಬಹುದು. ಕೊಡವ ರೂಪದ ಜೊತೆಗೇ ತಮಿಳು, ಮಲಯಾಳಂ, ಕನ್ನಡ, ತುಳು ರೂಪಗಳೂ ಒಂದೇ ಸಾಲಲ್ಲಿ ಸಿಗುತ್ವೆ, ಇದು ತುಂಬಾ ಅನುಕೂಲ. ಅಜ್ಜಿ ಹೇಳಿದ್ದೂ ನಿಘಂಟು ಹೇಳಿದ್ದೂ ಬೇರೆ ಬೇರೆ ಬಂದ್ರೆ ಎರಡನ್ನೂ ಬರೆದಿಟ್ಕೊಳ್ಳಿ.

ಇನ್ನು ಈ ಹೆಸರು ಎಷ್ಟು ಜನಕ್ಕಿದೆ ಅನ್ನೋ ಪ್ರಶ್ನೆ. ಅಮೆರಿಕದಲ್ಲಿ ಸೋಶಿಯಲ್ ಸೆಕ್ಯುರಿಟಿಯವರು 1880ರಿಂದ ಇಲ್ಲೀತನಕ ವರ್ಷಾವರ್ಷ ಮಕ್ಕಳ ಹೆಸರಿನ ಲೆಕ್ಕ ಕೊಡ್ತಾರೆ, ಒಂದು ವರ್ಷದಲ್ಲಿ 5ಕ್ಕಿಂತ ಕಮ್ಮಿ ಮಕ್ಕಳಿಗೆ ಇಟ್ಟಿರೋ ಹೆಸರು ಮಾತ್ರ ಅದರಲ್ಲಿ ಬರಲ್ಲ. ಸೈಟ್‌ಗಳಲ್ಲಿ ಕಾಣೋ ಪಾಪ್ಯುಲಾರಿಟಿ ಗ್ರಾಫ್ ಬಹಳಷ್ಟು ಅಲ್ಲಿಂದ ಬಂದಿರೋದು. ಅದನ್ನ ನೋಡಿ ನಮ್ಮ ಊರಲ್ಲಿ ಯಾರಿಗೂ ಇಲ್ಲ ಅನ್ಕೊಂಡ್ರೆ ಅದಕ್ಕೆ ಅರ್ಥವೇ ಇಲ್ಲ, ನಮಗೆ ಬೇಕಿರೋದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಲೆಕ್ಕ.

ಅದಕ್ಕೆ ನಾನು ಎಲ್ರಿಗೂ ಹೇಳೋದು ಮತದಾರರ ಪಟ್ಟಿ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿ ಸೈಟ್‌ಗೆ ಹೋಗಿ, ಕೊಡಗು ಆರಿಸಿ, ಮಡಿಕೇರಿ 208, ವಿರಾಜಪೇಟೆ 209, ನಿಮ್ಮ ಊರಿನ ಮತಗಟ್ಟೆ ಪಟ್ಟಿ ಡೌನ್‌ಲೋಡ್ ಮಾಡಿ. ಪಿಡಿಎಫ್ ಸಾಮಾನ್ಯವಾಗಿ ಚಿತ್ರದ ಥರ ಇರೋದ್ರಿಂದ ಪದ ಟೈಪ್ ಮಾಡಿ ಹುಡುಕೋಕೆ ಆಗಲ್ಲ, ಕಣ್ಣಲ್ಲೇ ಓದ್ಬೇಕು, ಒಂದು ಮತಗಟ್ಟೆ ಸಾಯಂಕಾಲದ ಕಾಫಿ ಹೊತ್ತಲ್ಲಿ ಮುಗಿಯುತ್ತೆ. ಪಕ್ಕದಲ್ಲಿ ವಯಸ್ಸು ಇರುತ್ತಲ್ಲ, ಅದನ್ನ ನೋಡೋದು ಮುಖ್ಯ. ಹೆಸರು ಇರೋರೆಲ್ಲ ಅರವತ್ತು ದಾಟಿದವರಾಗಿದ್ರೆ ಅದು ಒಂದು ಕಾಲದಲ್ಲಿ ಚೆನ್ನಾಗಿ ಓಡಿದ ಹೆಸರು, ಈಗ ಬಿಟ್ಟುಹೋಗ್ತಿದೆ. ಎಲ್ಲಾ ಇಪ್ಪತ್ತರ ಆಸುಪಾಸಿನವರು ಅಂದ್ರೆ ಅದು ಈಚಿನ ಹೆಸರು. ಯಾವ ವಯಸ್ಸಲ್ಲೂ ಇಲ್ಲ ಅಂದ್ರೆ ಆ ಭಾಗದಲ್ಲಿ ನಿಜವಾಗಿ ಅಪರೂಪ. ಅಲ್ಲಿ ಕಾಣೋ ಜನರ ವಿವರ ಬೇರೆಯವರಿಗೆ ಕಳಿಸ್ಬೇಡಿ, ಲೆಕ್ಕ ಮಾತ್ರ ಬರ್ಕೊಳ್ಳಿ.

ಪಟ್ಟೀಲಿ 18 ಆಗದ ಮಕ್ಕಳು ಇರಲ್ಲ, ಅದಕ್ಕೆ ಅಂಗನವಾಡಿ ಟೀಚರನ್ನ ಕೇಳಿ. ಊರಿನ ಪುಟ್ಟ ಮಕ್ಕಳ ಹೆಸರು ಅವರಷ್ಟು ಯಾರಿಗೂ ಗೊತ್ತಿರಲ್ಲ, ಈಗ ಯಾವ ಹೆಸರು ಜಾಸ್ತಿ ಬರ್ತಿದೆ ಅಂತಾನೂ ಥಟ್ ಅಂತ ಹೇಳ್ತಾರೆ.

ನೆಟ್‌ನಲ್ಲಿ ಹುಡುಕುವಾಗ ಕನ್ನಡದಲ್ಲೂ ಹಾಕಿ, ಇಂಗ್ಲಿಷ್‌ನಲ್ಲಿ ಬರೆಯೋ ಎಲ್ಲಾ ಥರಾನೂ ಹಾಕಿ. ಗೌರಮ್ಮ ಅನ್ನೋದನ್ನೇ ನೋಡಿ. ಚಿಕ್ಕವೀರರಾಜೇಂದ್ರನ ಮಗಳು, 1852ರಲ್ಲಿ ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ ಆದ ರಾಜಕುಮಾರಿ, ಅವಳ ಹೆಸರಲ್ಲಿ ಜಿ ಓ ಯು ಅಂತ ಬರೀತಾರೆ, ಕಥೆಗಾರ್ತಿ ಕೊಡಗಿನ ಗೌರಮ್ಮನವರ ಹೆಸರಲ್ಲಿ ಜಿ ಓ ಡಬ್ಲ್ಯೂ ಜಾಸ್ತಿ ಕಾಣುತ್ತೆ. ಒಂದನ್ನೇ ಹುಡುಕಿದ್ರೆ ಇನ್ನೊಬ್ರು ಸಿಗದೇ ಹೋಗ್ಬಹುದು. ಕೊಡವರಲ್ಲಿ ಮನೆ ಹೆಸರು ಮುಂದೆ ಬರೋದ್ರಿಂದ ಮೊದಲನೇ ಪದ ನೋಡಿ ಬಿಟ್ಟುಬಿಡ್ಬೇಡಿ, ಮಧ್ಯದಲ್ಲಿ ಇರುತ್ತೆ ನೀವು ಹುಡುಕ್ತಿರೋ ಹೆಸರು.

ಹಳೇ ಹೆಸರು ಅಂದ್ರೆ ಹಿಂಜರಿಯೋರಿಗೆ ಒಂದು ಮಾತು. ನಮ್ಮ ಓಟಗಾರ್ತಿ ಎಂ. ಆರ್. ಪೂವಮ್ಮ 2014ರ ಇಂಚಿಯಾನ್, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 4x400 ರಿಲೇ ಚಿನ್ನ ಗೆದ್ದ ತಂಡಗಳಲ್ಲಿ ಓಡಿದ್ರು, ಅಜ್ಜಿ ಕಾಲದ ಹೆಸರು ಇಟ್ಕೊಂಡೇ. ಸ್ಕೂಲಲ್ಲಿ ಮಕ್ಕಳು ನಗ್ತಾರೆ ಅಂತ ಬೊಳ್ಳಮ್ಮನ್ನ ಬಿಟ್ಟು ಇನ್ನೊಂದು ಎಲ್ಲರಿಗೂ ಇರೋ ಎರಡಕ್ಷರದ ಹೆಸರು ಇಡೋದು ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಹೆಸರು ಗಟ್ಟಿ ಆದ್ಮೇಲೆ ದಾಖಲೆ ಕೆಲಸ. ಜನನ ನೋಂದಣಿಗೆ 21 ದಿನ ಟೈಮ್, ಆದ್ರೆ ಅಷ್ಟರಲ್ಲಿ ಹೆಸರು ಕೊಡಲೇಬೇಕು ಅಂತಿಲ್ಲ, ಹೆಸರಿಲ್ಲದೇ ನೋಂದಣಿ ಮಾಡ್ಸಿ 12 ತಿಂಗಳ ಒಳಗೆ ಫೀಸ್ ಇಲ್ಲದೇ ಸೇರಿಸ್ಬಹುದು, ಆಮೇಲೂ 15 ವರ್ಷದ ತನಕ ಫೀಸ್ ಕಟ್ಟಿ ಸೇರಿಸ್ಬಹುದು. ಹಾಗಾಗಿ ಆಸ್ಪತ್ರೇಲಿ ಕೇಳಿದ್ರು ಅಂತ ಅವಸರಕ್ಕೆ ಯಾವುದೋ ಹೆಸರು ಬರೆಸ್ಬೇಡಿ, ಸೇರಿಸೋದು ಸುಲಭ, ಬದಲಾಯಿಸೋದಕ್ಕೆ ಅಲೆದಾಡ್ಬೇಕು. 2023ರ ಅಕ್ಟೋಬರ್ 1ರಿಂದ ಆಚೆ ಹುಟ್ಟಿದ ಮಕ್ಕಳಿಗೆ ಸ್ಕೂಲಿಗೆ, ಆಧಾರ್‌ಗೆ, ಮುಂದೆ ವೋಟರ್ ಲಿಸ್ಟಿಗೆ ಎಲ್ಲಾದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಸುಜ್ಯೋತಿಗೆ ಕೊನೇಲಿ ಟಿ ಐ ಬೇಕಾ ಟಿ ಎಚ್ ಐ ಬೇಕಾ ಅಂತ ಮನೇಲೇ ತೀರ್ಮಾನ ಮಾಡಿ ಒಂದು ಚೀಟೀಲಿ ಕನ್ನಡ ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರ್ಕೊಂಡು ಹೋಗಿ ಕೊಡಿ, ಬಾಯಲ್ಲಿ ಹೇಳ್ಬೇಡಿ, ಪ್ರಿಂಟ್ ತೆಗೆಯೋ ಮುಂಚೆ ಸ್ಕ್ರೀನ್ ಮೇಲೆ ಒಂದ್ಸಲ ಅಕ್ಷರ ಅಕ್ಷರ ಓದಿ ನೋಡಿ.