ಹಳೇ ಕೇಬಲ್‌ನಲ್ಲೇ ಚಿಲ್ಲರ್, ಬಾಯ್ಲರ್ ಎಲ್ಲ ಬಿಎಂಎಸ್‌ಗೆ ಬಂದವು: ನನ್ನ ಅನುಭವ

ಒಂದು ಕಟ್ಟಡದಲ್ಲಿ 2 ಚಿಲ್ಲರ್ (ನೀರು ತಣ್ಣಗೆ ಮಾಡುವ ಯಂತ್ರ), ಒಂದು ಬಿಸಿನೀರಿನ ಬಾಯ್ಲರ್, ಆರೇಳು ಎಎಚ್‌ಯು (ದೊಡ್ಡ ಗಾಳಿ ಯಂತ್ರ), 40ರ ಹತ್ತಿರ ಎಫ್‌ಸಿಯು (ಕೋಣೆಯ ಸಣ್ಣ ಗಾಳಿ ಯಂತ್ರ) ಥರ್ಮೋಸ್ಟಾಟ್. ಇವೆಲ್ಲ ಮಾತಾಡುವ ಭಾಷೆ ಮಾಡ್‌ಬಸ್. ಬಿಎಂಎಸ್ (ಇಡೀ ಕಟ್ಟಡದ ಯಂತ್ರಗಳನ್ನು ಒಂದೇ ಕಡೆಯಿಂದ ನೋಡಿ ನಡೆಸುವ ವ್ಯವಸ್ಥೆ) ಕಡೆಯ ಭಾಷೆ ಬ್ಯಾಕ್‌ನೆಟ್ ಐಪಿ. ನಡುವೆ ಒಂದೇ ಒಂದು ಸಾಮಾನ್ಯ ಗೇಟ್‌ವೇ (ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುವ ಪೆಟ್ಟಿಗೆ) ಹಾಕಿ, ಮೊದಲೇ ಎಳೆದಿದ್ದ ಕೇಬಲ್‌ನಲ್ಲೇ ಮುಗಿಸುತ್ತೇನೆ ಅಂದಾಗ ಯಾರೂ ನಂಬಲಿಲ್ಲ. ಹೊಸ ಕೇಬಲ್ ಎಳೆಯಲೇಬೇಕು, ಒಂದೊಂದು ಯಂತ್ರಕ್ಕೂ ಅದರ ಕಂಪನಿಯದೇ ಗೇಟ್‌ವೇ ತಗೋಬೇಕು ಅಂತಲೇ ಎಲ್ಲರ ಮಾತು. ಈಗ ಒಂದು ಪೂರ್ತಿ ಬೇಸಿಗೆ, ಒಂದು ಚಳಿಗಾಲ ದಾಟಿದೆ. ಒಂದು ಪಾಯಿಂಟೂ (ಬಿಎಂಎಸ್‌ಗೆ ಬರುವ ಒಂದೊಂದು ಅಂಕಿ) ಬಿಟ್ಟುಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಕಂಪನಿ ಗೇಟ್‌ವೇಗಳ ಕೋಟೇಶನ್ನೇ ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ನುಂಗುತ್ತಿತ್ತು. ಹೊಸ ಕೇಬಲ್‌ಗೆ ಸೀಲಿಂಗ್ ಬಿಚ್ಚಿ ಮುಚ್ಚುವ ಕೂಲಿ ಬೇರೆ. ಬಿಎಂಎಸ್ ಲೈಸೆನ್ಸ್ ಪಾಯಿಂಟ್ ಲೆಕ್ಕದಲ್ಲಿ ಬರುತ್ತದೆ, ಅಲ್ವಾ? ಚಿಲ್ಲರ್ ಪಟ್ಟಿಯಲ್ಲಿ 300ಕ್ಕೂ ಮೇಲೆ ರಿಜಿಸ್ಟರ್ (ಯಂತ್ರದಲ್ಲಿ ಒಂದೊಂದು ಅಂಕಿ ಕೂತಿರುವ ಜಾಗ) ಇದ್ದವು. ಆಪರೇಟರ್ ನಿಜವಾಗಿ ನೋಡುವುದು 20 ಇರಬಹುದು: ನೀರಿನ ಉಷ್ಣತೆ, ಸೆಟ್‌ಪಾಯಿಂಟ್ (ನೀರು ಇರಬೇಕಾದ ಉಷ್ಣತೆ), ಲೋಡ್, ಆಂಪ್ಸ್, ಅಲಾರ್ಮ್ ಕೋಡ್, ಇಂಥವು. ಅಷ್ಟನ್ನೇ ಕಳಿಸಿದೆ. ಲೈಸೆನ್ಸ್ ಎರಡು ಮೆಟ್ಟಿಲು ಕೆಳಗಿಳಿಯಿತು. ಗೇಟ್‌ವೇ ಖರ್ಚು ಅಲ್ಲೇ ಹುಟ್ಟಿತು.

ನಿಜವಾದ ತಲೆನೋವು ಕೇಬಲ್‌ದೇ. ಒಂದು ಮಹಡಿಯಲ್ಲಿ ಮೊದಲು ಕೆಲಸ ಮಾಡಿದವರು ನಡುವಿನ ಪೆಟ್ಟಿಗೆಯಿಂದ ನಾಲ್ಕು ಕಡೆಗೆ ಕವಲು ಒಡೆಸಿದ್ದರು. ಮಾಡ್‌ಬಸ್ ಓಡುವ ಆರ್‌ಎಸ್-485 ತಂತಿಗೆ ಇದು ಆಗಿಬರುವುದಿಲ್ಲ, ಅದು ಒಂದೇ ಸಾಲಾಗಿ ಹೋಗಬೇಕು. ಸಿಗ್ನಲ್ ಬಲಪಡಿಸುವ ರಿಪೀಟರ್ ಹಾಕಿ ಅಂದರು. ನಾನು ಕೇಬಲ್ ತುದಿ ಬಿಚ್ಚಿ ನೋಡಿದೆ. ಒಳಗೆ ಮೂರು ಜೋಡಿ ಇತ್ತು, ಬಳಕೆಯಲ್ಲಿ ಇದ್ದದ್ದು ಒಂದೇ. ಒಂದು ಜೋಡಿಯಲ್ಲಿ ಹೋಗಿ, ಇನ್ನೊಂದರಲ್ಲಿ ಅದೇ ಪೆಟ್ಟಿಗೆಗೆ ವಾಪಸ್ ಬಂದು ಮುಂದಿನ ಕವಲಿಗೆ ಹೋಗುವ ಹಾಗೆ ಜೋಡಿಸಿದೆ. ಮೂರನೆಯದು ಕಾಮನ್‌ಗೆ (ಎಲ್ಲಾ ಡಿವೈಸ್‌ಗೂ ಒಂದೇ ಆಧಾರ ತಂತಿ). ನಕ್ಷೆಯಲ್ಲಿ ಕವಲು ಕಾಣುತ್ತದೆ, ವಿದ್ಯುತ್ ಲೆಕ್ಕದಲ್ಲಿ ಒಂದೇ ಸಾಲು. ಉದ್ದ ಜಾಸ್ತಿ ಆಯಿತು, ಆದರೂ ಎಲ್ಲಾ ಸೇರಿ 700 ಮೀಟರ್ ಒಳಗೇ. ಸೆಕೆಂಡಿಗೆ 9600 ಬಿಟ್ ವೇಗಕ್ಕೆ ಅದು ಏನೂ ಅಲ್ಲ.

ಅಷ್ಟಾದರೂ ಮಧ್ಯಾಹ್ನ ಆದರೆ ಲೈನ್ ಬೀಳುತ್ತಿತ್ತು. ರಾತ್ರಿ ಎಲ್ಲಾ ಸರಿ. ಪವರ್ ತೆಗೆದು ಲೈನ್‌ನ ಎ ಮತ್ತು ಬಿ ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆ. ಎರಡು ತುದಿಯಲ್ಲಿ 120 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ ಇದ್ದರೆ ಸುಮಾರು 60 ತೋರಿಸಬೇಕು. ತೋರಿಸಿದ್ದು 40. ಅಂದರೆ ಎಲ್ಲೋ ನಡುವೆ ಮೂರನೇ ಟರ್ಮಿನೇಷನ್ ಕೂತಿದೆ. ಲೈನನ್ನು ಅರ್ಧ ಅರ್ಧ ಮಾಡಿ ಹುಡುಕುತ್ತಾ ಹೋದರೆ ಒಂದು ವಿಎಫ್‌ಡಿಯ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಮುಚ್ಚಳದೊಳಗೆ ಉಗುರಿನಷ್ಟು ದೊಡ್ಡ ಟರ್ಮಿನೇಷನ್ ಡಿಪ್ ಸ್ವಿಚ್, ಆನ್ ಆಗಿ ಕೂತಿತ್ತು. ಫ್ಯಾಕ್ಟರಿಯಿಂದಲೇ ಹಾಗೆ ಬಂದಿದ್ದು. ಜೊತೆಗೆ ಕೇಬಲ್‌ನ ಶೀಲ್ಡನ್ನು (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಪ್ರತಿ ಪ್ಯಾನೆಲ್‌ನಲ್ಲೂ ಅರ್ಥ್ ಮಾಡಿದ್ದರು. ಗೇಟ್‌ವೇ ತುದಿ ಒಂದನ್ನು ಬಿಟ್ಟು ಉಳಿದೆಲ್ಲ ಬಿಚ್ಚಿದೆ. ವಿಎಫ್‌ಡಿಗಳನ್ನು ಗೇಟ್‌ವೇಯ ಎರಡನೇ ಪೋರ್ಟ್‌ಗೆ ಬೇರೆ ಮಾಡಿದೆ. ಅಲ್ಲಿಂದ ಮಧ್ಯಾಹ್ನದ ರಗಳೆ ನಿಂತಿತು.

ನಂತರ ವೇಗ. ಎಫ್‌ಸಿಯು ಒಂದಕ್ಕೆ 6 ಪಾಯಿಂಟ್, ಒಂದೊಂದನ್ನೂ ಬೇರೆ ಬೇರೆ ಕೇಳಿದರೆ ಸುತ್ತು ಮುಗಿಯಲು 12 ಸೆಕೆಂಡ್ ಮೇಲೆ. ಪಕ್ಕಪಕ್ಕದ ರಿಜಿಸ್ಟರ್‌ಗಳನ್ನು ಒಟ್ಟಿಗೆ ಓದಿಸಿದರೆ ಎರಡು ಮೂರು ಸೆಕೆಂಡಿಗೆ ಇಳಿಯುತ್ತದೆ. ಆದರೆ ಸತ್ತ ಡಿವೈಸ್ ಒಂದಿದ್ದರೆ ಸಾಕು, ಉತ್ತರಕ್ಕೆ ಕಾಯುವ ಟೈಮ್‌ಔಟ್ ಮತ್ತು ಮತ್ತೆ ಕೇಳುವ ರೀಟ್ರೈ ಸೇರಿ ಇಡೀ ಸಾಲನ್ನೇ ಹಿಡಿದು ನಿಲ್ಲಿಸುತ್ತದೆ. ಇದಕ್ಕೆ ನಾನು ಪೋಲಿಂಗ್ (ಯಾವ ಡಿವೈಸನ್ನು ಯಾವಾಗ ಕೇಳುವುದು) ಹೇಗೆ ಹಂಚಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಬಾಯ್ಲರ್ ಬೇರೆಯದೇ ಕಥೆ. ಮ್ಯಾನುಯಲ್‌ನಲ್ಲಿ 40001 ಅಂತ ಇದ್ದದ್ದಕ್ಕೆ ಲೈನ್ ಮೇಲೆ 0 ಕೇಳಬೇಕು: ಮೊದಲಿನ 4 ರಿಜಿಸ್ಟರ್‌ನ ಬಗೆ ಅಷ್ಟೇ, ಮ್ಯಾನುಯಲ್ ಎಣಿಕೆ 1ರಿಂದ, ಲೈನ್ ಎಣಿಕೆ 0ಯಿಂದ. ಚಳಿ ಜಾಸ್ತಿಯಾದ ಒಂದು ರಾತ್ರಿ ಹೊರಗಿನ ಉಷ್ಣತೆ 6553.1 ಡಿಗ್ರಿ ಅಂತ ಅಲಾರ್ಮ್ ಬಂತು. ಸೆನ್ಸರ್ ಹೋಗಿದೆ, ಬದಲಾಯಿಸಿ ಅಂತ ಸರ್ವೀಸ್‌ನವರು ಬಿಲ್ ಹಾಕಲು ಸಿದ್ಧವಾಗಿದ್ದರು. ಅದು ಮೈನಸ್ 0.5 ಅಷ್ಟೇ. ಸೈನ್ಡ್ 16 ಬಿಟ್ (ಮೈನಸ್ ಅಂಕಿಯನ್ನೂ ಓದುವ ಬಗೆ) ಅಂತ ಬದಲಿಸಿದರೆ ಮುಗಿಯಿತು.

ಬಾಯ್ಲರ್ ಸೆಟ್‌ಪಾಯಿಂಟ್ ಬರೆಯುವಾಗ ಹುಷಾರು. ಎಷ್ಟೋ ಕಂಟ್ರೋಲರ್‌ಗಳು ಅದನ್ನು ಇಇಪ್ರಾಮ್‌ನಲ್ಲಿ (ಪವರ್ ಹೋದರೂ ಅಳಿಯದ ಮೆಮೊರಿ) ಉಳಿಸುತ್ತವೆ. ಅದರ ಆಯಸ್ಸು ಸಾಮಾನ್ಯವಾಗಿ 1 ಲಕ್ಷ ಬರಹ ಅಂತ ಇಟ್ಟುಕೊಳ್ಳಿ. 10 ಸೆಕೆಂಡಿಗೊಮ್ಮೆ ಬರೆದರೆ ದಿನಕ್ಕೆ 8640. ಹನ್ನೆರಡು ದಿನದೊಳಗೆ ಲಕ್ಷ ದಾಟುತ್ತದೆ! ಬೇರೊಂದು ಕಡೆ ಹೀಗೇ ಬೋರ್ಡ್ ಸತ್ತು, ಗೇಟ್‌ವೇಗಿಂತ ದುಬಾರಿ ಬೋರ್ಡ್ ತರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಾನು ಸೆಟ್‌ಪಾಯಿಂಟ್ ಬದಲಾದಾಗ ಮಾತ್ರ, ಅದೂ ಅರ್ಧ ಡಿಗ್ರಿ ಮೀರಿದರೆ ಮಾತ್ರ ಬರೆಸುತ್ತೇನೆ. ಫ್ಲೋ ಸ್ವಿಚ್, ಹೈ ಲಿಮಿಟ್ (ನೀರಿನ ಹರಿವು, ಅತಿ ಬಿಸಿ ಕಾಯುವ ಸುರಕ್ಷತಾ ಸ್ವಿಚ್‌ಗಳು) ಇವನ್ನು ನೆಟ್‌ವರ್ಕ್‌ಗೆ ತರಲೇ ಇಲ್ಲ. ಅವು ನೇರ ವೈರಿಂಗ್‌ನಲ್ಲೇ ಇರಬೇಕು. ಬಿಎಂಎಸ್ ಸತ್ತರೂ ಯಂತ್ರ ತನ್ನ ಸ್ವಂತ ಸೆಟ್‌ಪಾಯಿಂಟ್‌ನಲ್ಲಿ ಓಡುತ್ತದೆ.

ಬ್ಯಾಕ್‌ನೆಟ್ ಕಡೆ ಜಾಸ್ತಿ ಹೇಳುವುದಿಲ್ಲ. ಒಂದು ಸಬ್‌ನೆಟ್‌ಗೆ (ನೆಟ್‌ವರ್ಕ್‌ನ ಒಂದು ಭಾಗ) ಒಂದೇ ಬಿಬಿಎಂಡಿ (ಎಲ್ಲರಿಗೂ ಕಳಿಸುವ ಬ್ಯಾಕ್‌ನೆಟ್ ಸಂದೇಶವನ್ನು ಬೇರೆ ಸಬ್‌ನೆಟ್‌ಗೆ ದಾಟಿಸುವ ಸಾಧನ), 47808 ಪೋರ್ಟ್ ತೆರೆಯಲು ಐಟಿಯವರ ಹಿಂದೆ ಓಡಾಟ, ಅಷ್ಟೇ. ಒಂದು ದೂರು ಮಾತ್ರ ಸುಮಾರು ದಿನ ಕಾಡಿತು: ರಾತ್ರಿ ಶೆಡ್ಯೂಲ್ ಆಫ್ ಹೇಳಿದರೂ ಚಿಲ್ಲರ್ ನಿಲ್ಲುತ್ತಿಲ್ಲ. ತಪ್ಪು ಗೇಟ್‌ವೇದೇ ಅಂತ ಎಲ್ಲರೂ ನನ್ನ ಕಡೆ ನೋಡಿದರು. ಪ್ರಯಾರಿಟಿ ಅರೇ (1ರಿಂದ 16ರವರೆಗಿನ ಆದ್ಯತೆಯ ಪಟ್ಟಿ, ಸಣ್ಣ ಸಂಖ್ಯೆಯದೇ ಗೆಲ್ಲುತ್ತದೆ) ತೆರೆದು ತೋರಿಸಿದೆ. ಆಪರೇಟರ್ ಯಾವಾಗಲೋ ಕೈಯಿಂದ ಕೊಟ್ಟ ಆನ್ 8ರಲ್ಲಿ ಹಾಗೇ ಕೂತಿತ್ತು, ಶೆಡ್ಯೂಲ್ ಬರೆಯುತ್ತಿದ್ದದ್ದು 16ಕ್ಕೆ. 8ಕ್ಕೆ ನಲ್ (ಖಾಲಿ) ಬರೆದ ಕೂಡಲೇ ಚಿಲ್ಲರ್ ನಿಂತಿತು. ಈಗ ಸ್ಕ್ರೀನ್ ಮೇಲೆ ಆಫ್ ಬಟನ್ ಪಕ್ಕದಲ್ಲೇ 'ಆಟೋಗೆ ಬಿಡು' ಬಟನ್ ಇಟ್ಟಿದ್ದೇನೆ.

ಎಲ್ಲಾ ಕೂತ ಮೇಲೆ ಕೈ ಸುಮ್ನೆ ಇರಲಿಲ್ಲ. ಎಎಚ್‌ಯು ವಾಲ್ವ್‌ಗಳೆಲ್ಲ ಶೇ. 70ಕ್ಕಿಂತ ಕಡಿಮೆ ತೆರೆದಿದ್ದರೆ ಚಿಲ್ಲರ್ ಸೆಟ್‌ಪಾಯಿಂಟನ್ನು 7ರಿಂದ ಅರ್ಧರ್ಧ ಡಿಗ್ರಿ ಏರಿಸುತ್ತಾ 10ರವರೆಗೆ ಬಿಟ್ಟೆ. ಕಂಪ್ರೆಸರ್ ಆಂಪ್ಸ್ ಇಳಿದದ್ದು ಟ್ರೆಂಡ್‌ನಲ್ಲೇ ಕಂಡಿತು. ಆದರೆ ತೇವ ಜಾಸ್ತಿ ಇದ್ದ ದಿನಗಳಲ್ಲಿ ಒಳಗೆ ಅಂಟಂಟು ಅಂತ ದೂರು ಬಂತು. ವಾಪಸ್ ಗಾಳಿಯ ಆರ್ದ್ರತೆ ಶೇ. 60 ದಾಟಿದರೆ 7ಕ್ಕೇ ಇಳಿಸುವ ಷರತ್ತು ಸೇರಿಸಿದ ಮೇಲೆ ದೂರು ನಿಂತಿತು. ಈಗ ಅದೇ ರೀತಿ ಬಾಯ್ಲರ್ ನೀರನ್ನು ಹೊರಗಿನ ಉಷ್ಣತೆಗೆ ಕಟ್ಟಿದ್ದೇನೆ. ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿನ ನೀರಾವಿ ತಣಿಸಿ ಅದರ ಶಾಖವನ್ನೂ ಬಳಸುವ ಬಗೆ) ಆದ್ದರಿಂದ ವಾಪಸ್ ನೀರು 55 ಡಿಗ್ರಿಗಿಂತ ಕೆಳಗೆ ಇರಬೇಕು. ಸದ್ಯಕ್ಕೆ 50ರ ಆಸುಪಾಸಿನಲ್ಲಿ ನಿಲ್ಲುತ್ತಿದೆ, ಇನ್ನೂ ಇಳಿಸುತ್ತಿದ್ದೇನೆ.