ಇಬ್ಬರೇ, ದಿನಕ್ಕೆ ನಾಲ್ಕೂವರೆ ಗಂಟೆ: ನ್ಯಾಪ್ಟನ್‌ನಿಂದ ಆಕ್ಸ್‌ಫರ್ಡ್‌ಗೆ ನ್ಯಾರೋಬೋಟ್

ಇಂಗ್ಲೆಂಡಿನ ಆಕ್ಸ್‌ಫರ್ಡ್ ಕಾಲುವೆಯಲ್ಲಿ ನ್ಯಾರೋಬೋಟ್ ಎಂಬ ಕಿರಿದಾದ ಉದ್ದ ಬೋಟು ಬಾಡಿಗೆಗೆ ಹಿಡಿದು, ನ್ಯಾಪ್ಟನ್ ಹಳ್ಳಿಯಿಂದ ಎರಡು ವಾರದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ವಾಪಸ್, ಜನ ಇಬ್ಬರೇ, ಮಧ್ಯಾಹ್ನ ಊಟದ ಹೊತ್ತಿಗೆ ಎಂಜಿನ್ ಬಂದ್. ಹೀಗೆಂದಾಗ ವರ್ಷಗಟ್ಟಲೆ ಬೋಟು ನಡೆಸಿದವರೇ ತಲೆ ಅಲ್ಲಾಡಿಸಿದರು. ದಿನಕ್ಕೆ ಏಳು ಗಂಟೆ ಓಡಿಸದೆ ಆಗದು, ಲಾಕಿಗೆ (ಎರಡು ಕಡೆ ಗೇಟಿದ್ದು, ನೀರು ತುಂಬಿಸಿ ಅಥವಾ ಇಳಿಸಿ ಬೋಟನ್ನು ಮೇಲೆ ಕೆಳಗೆ ಮಾಡುವ ಕಟ್ಟೆ) ನಾಲ್ಕು ಜನ ಬೇಕೇ ಬೇಕು ಎಂಬುದು ಅವರ ವಾದ. 13 ದಿನಕ್ಕೆ ಮುಗಿಯಿತು.

ಲೆಕ್ಕ ಇಷ್ಟೆ. ಒಂದು ಕಡೆಗೆ ಸುಮಾರು 50 ಮೈಲಿ, 40ರ ಆಸುಪಾಸು ಲಾಕು. ಗಂಟೆಗೆ ಎರಡೂವರೆ ಮೈಲಿ, ಲಾಕಿಗೆ 12 ನಿಮಿಷ ಹಿಡಿದರೆ 28 ಗಂಟೆ. ಬೋಟಿನ ಟ್ಯಾಂಕಿಗೆ ನೀರು ತುಂಬಿಸುವುದು, ಎದುರು ಬೋಟಿಗೆ ಕಾಯುವುದು ಸೇರಿ 30, ಹೋಗಿ ಬರಲು 60. ವೇಗದ ಮಿತಿ 4 ಮೈಲಿ ನಿಜ, ಆದರೆ ಈ ಕಾಲುವೆ ಆಳವಿಲ್ಲ. 1,300 ಆರ್‌ಪಿಎಂ ದಾಟಿಸಿದರೆ ಬೋಟಿನ ಹಿಂಭಾಗ ತಗ್ಗಿ ತಳಕ್ಕೆ ಹತ್ತಿರವಾಗುತ್ತದೆ, ಅಲೆ ದಂಡೆಯ ಮಣ್ಣು ಕೀಳುತ್ತದೆ, ಡೀಸೆಲ್ ಸುಡುತ್ತದೆ. ವೇಗ ಮಾತ್ರ ಏರುವುದಿಲ್ಲ.

ಸಮಯ ಉಳಿಯುವುದು ಲಾಕಿನಲ್ಲಿ. ಮೊದಲ ಎರಡು ದಿನ ಒಂದೊಂದಕ್ಕೂ 20 ನಿಮಿಷ ಹೋಯಿತು. ವಿಂಡ್ಲಾಸ್ (ಲಾಕಿನ ಪ್ಯಾಡಲ್, ಅಂದರೆ ನೀರಿನ ತೂಬು ತಿರುಗಿಸುವ ಹಿಡಿಕೆ) ಹಿಡಿದವರೇ ಹಿಂದಿನ ಗೇಟ್ ಮುಚ್ಚಿ, ಓಡಿ ಬಂದು ಮುಂದಿನ ಲಾಕು ತಯಾರು ಮಾಡಬೇಕು. ಅಷ್ಟರಲ್ಲಿ ಕಾಯುತ್ತಿದ್ದ 57 ಅಡಿ ಬೋಟಿನ ಮೂತಿಯನ್ನು ಗಾಳಿ ಆಚೆ ದಡದ ಪೊದೆಗೆ ತಳ್ಳಿರುತ್ತಿತ್ತು. ಕೆಲಸ ಹಂಚಿಕೊಂಡ ರೀತಿಯೇ ತಪ್ಪಾಗಿತ್ತು. ಮೇಲೇರುವಾಗ ಗೇಟ್ ಮುಚ್ಚುವುದು ಟಿಲ್ಲರ್ (ಬೋಟು ತಿರುಗಿಸುವ ಚುಕ್ಕಾಣಿ ಹಿಡಿ) ಹಿಡಿದವರ ಪಾಲಿಗೆ ಬರಬೇಕು. ಬೋಟು ಹೊರಬಂದು ಅದರ ಹಿಂತುದಿ ಮೇಲಿನ ಗೇಟಿನ ಪಕ್ಕಕ್ಕೆ ಬಂದಾಗ ರಿವರ್ಸ್ ಕೊಟ್ಟು ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ ಇಳಿಯಿರಿ. ಗೇಟ್ ಮುಚ್ಚಿ ಮತ್ತೆ ಹತ್ತಿ. ಪ್ಯಾಡಲ್ ಇಳಿಸಿದ ಕೂಡಲೇ ಇನ್ನೊಬ್ಬರು ಮುಂದಿನ ಲಾಕಿನ ದಾರಿ ಹಿಡಿಯುತ್ತಾರೆ. ಲಾಕುಗಳು ಸಾಲಾಗಿ ಮೇಲೇರುವ ನ್ಯಾಪ್ಟನ್ ಏರಿನಲ್ಲಿ ಇದು ಗಡಿಯಾರದಂತೆ ನಡೆಯುತ್ತದೆ. ಇಳಿಯುವಾಗ ನಡೆಯುವುದಿಲ್ಲ, ಬೋಟು ತೀರಾ ಕೆಳಗಿರುತ್ತದೆ. ಅಲ್ಲಿ ನಾವು ಕಂಡುಕೊಂಡ ಹಗ್ಗದ ಉಪಾಯ ಬೇರೆ. ಅದನ್ನು ಬರೆದು ತೋರಿಸಲಾಗದು, ಪಕ್ಕದಲ್ಲಿ ನಿಂತು ನೋಡಬೇಕು. ಸಿಲ್ (ಮೇಲಿನ ಗೇಟಿನ ಬುಡದಲ್ಲಿ ಚಾಚಿಕೊಂಡ ಕಲ್ಲಿನ ಮೆಟ್ಟಿಲು) ಗುರುತಿನಿಂದ ಮುಂದೆಯೇ ಇರಿ, ಇಳಿಯುವ ಬೋಟಿನ ಹಗ್ಗವನ್ನು ಎಂದೂ ಬಿಗಿದು ಕಟ್ಟಬೇಡಿ.

ಎದುರಿನಿಂದ ಬೋಟು ಬರುತ್ತಿದ್ದು ಲಾಕು ಅವರ ಮಟ್ಟಕ್ಕಿದ್ದರೆ ಕಾಯಿರಿ. ಒಂದು ಸಲ ಲಾಕನ್ನು ನಿಮ್ಮ ಮಟ್ಟಕ್ಕೆ ತಿರುಗಿಸಿದರೆ ಸುಮಾರು ಲಕ್ಷ ಲೀಟರ್ ನೀರು ಮೇಲಿನಿಂದ ಇಳಿಯುತ್ತದೆ, ಒಣ ಬೇಸಿಗೆಯಲ್ಲಿ ಅದು ತುಂಬಾ ದೊಡ್ಡದು.

ಮಾರ್ಸ್ಟನ್ ಡೋಲ್ಸ್‌ನಿಂದ ಕ್ಲೇಡನ್‌ವರೆಗಿನ 11 ಮೈಲಿಗೆ ಒಂದೂ ಲಾಕಿಲ್ಲ. ನೇರ ಹೋದರೆ ಅದರ ಅರ್ಧವೂ ಆಗದು, ಬೆಟ್ಟದ ಮಟ್ಟ ಹಿಡಿದು ಸುತ್ತಿಸಿದ್ದಾರೆ. ವರ್ಮ್‌ಲೇಟನ್ ಬಳಿ ಅದೇ ತೋಟದ ಮನೆ ಎಡಕ್ಕೆ, ಹಿಂದಕ್ಕೆ, ಮತ್ತೆ ಎಡಕ್ಕೆ ಕಾಣುತ್ತಿರುತ್ತದೆ. ಈ ಇಡೀ ಭಾಗವನ್ನು ಒಂದೇ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬ್ಯಾನ್‌ಬರಿಯ ಕೆಳಗೆ ಹಲವು ಲಾಕುಗಳಿಗೆ ಕೆಳಗಡೆ ಒಂದೇ ಭಾರೀ ಗೇಟು. ಕೈಯಿಂದ ಎಳೆಯಬೇಡಿ, ಗೇಟಿನ ಉದ್ದ ತೊಲೆಗೆ ಬೆನ್ನು ಕೊಟ್ಟು ಕಾಲಿನಿಂದ ದೂಡಿ. ಸಾಮರ್ಟನ್ ಲಾಕಿನ ಆಳ 12 ಅಡಿ, ಏನ್‌ಹೋದ ವಜ್ರಾಕಾರದ ಲಾಕಿನಲ್ಲಿ ಬೋಟು ಇಳಿಯುವುದು ಒಂದು ಅಡಿಯಷ್ಟೇ.

ಪ್ರೊಪೆಲ್ಲರ್‌ಗೆ ಮೂರು ಸಲ ಸಿಕ್ಕಿಕೊಂಡಿತು: ಪ್ಲಾಸ್ಟಿಕ್ ಚೀಲ, ನೈಲಾನ್ ಹಗ್ಗ, ಒಮ್ಮೆ ಹಳೇ ಜೀನ್ಸ್. ಹೊಗೆ ಹೆಚ್ಚಾಗಿ ಟಿಲ್ಲರ್ ನಡುಗಿದರೆ ಅದೇ. ಎಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು ವೀಡ್ ಹ್ಯಾಚ್ (ಪ್ರೊಪೆಲ್ಲರ್ ಮೇಲಿನ ಮುಚ್ಚಳ) ತೆರೆಯಿರಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಎಲ್ಲಕ್ಕಿಂತ ಚೆನ್ನಾಗಿ ಕೊಯ್ಯುತ್ತದೆ. ಮುಚ್ಚಳ ಬಿಗಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ, ಸಡಿಲವಿದ್ದು ಎಂಜಿನ್ ಓಡಿಸಿದರೆ ಬೋಟಿಗೇ ನೀರು ತುಂಬುತ್ತದೆ.

ದುಡ್ಡು: ಜೂನ್‌ನಲ್ಲಿ ಹೋದದ್ದರಿಂದ ಬಾಡಿಗೆ 3,000 ಪೌಂಡ್ ಹತ್ತಿರ ಬಂತು. ಶಾಲೆಗೆ ರಜೆ ಬಿಟ್ಟ ಮೇಲೆ ಕೇಳಿದ್ದರೆ ಇನ್ನೂ ಏಳೆಂಟು ನೂರು ಹೆಚ್ಚು. ಡೀಸೆಲ್ ಗಂಟೆಗೆ ಒಂದೂವರೆ ಲೀಟರ್, ಒಟ್ಟು 90 ಲೀಟರ್ ಸುತ್ತ. ಶೌಚದ ಟ್ಯಾಂಕ್ ಖಾಲಿ ಮಾಡಿಸುವ ಪಂಪ್‌ಔಟ್ ಒಮ್ಮೆ, 20 ಪೌಂಡ್ ಚಿಲ್ಲರೆ.

ಇನ್ನೊಂದು ಪ್ರಯೋಗವೂ ಆಯಿತು. ಜೂನ್‌ನಲ್ಲೂ ರಾತ್ರಿ 12 ಡಿಗ್ರಿಗೆ ಇಳಿಯುವುದರಿಂದ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಎಂಜಿನ್‌ನಿಂದ ಕಾಯುವ ಬಿಸಿನೀರಿನ ಟ್ಯಾಂಕಿನ ಕಪಾಟಿನಲ್ಲಿ ಟವಲ್ ಸುತ್ತಿಟ್ಟರೆ ಬೆಳಿಗ್ಗೆಗೆ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಅರ್ಧ ಪಾತ್ರೆಗಿಂತ ಹೆಚ್ಚು ತುಂಬಬೇಡಿ. ದೋಸೆ ಹಿಟ್ಟಿಗೆ ಅಷ್ಟು ಬಿಸಿ ಬೇಡ, ಹುಳಿ ಏರಿತು.

ದಡಕ್ಕೆ ಕಟ್ಟಿದ ಬೋಟಿನ ಪಕ್ಕ ಯಾರಾದರೂ ಜೋರಾಗಿ ಹೋದರೆ ಗೂಟ ಕಿತ್ತು ಬರುತ್ತದೆ. ಮುಂದಿನ ಹಗ್ಗವನ್ನು ಮುಂದಕ್ಕೆ, ಹಿಂದಿನದನ್ನು ಹಿಂದಕ್ಕೆ 45 ಡಿಗ್ರಿಯಲ್ಲಿ ಎಳೆದು ಕಟ್ಟಿ. ಗೂಟದ ತಲೆಗೆ ಬಿಳಿ ಚೀಲ ಸಿಕ್ಕಿಸಿ, ನಡೆದು ಹೋಗುವವರು ಎಡವದಂತೆ.