'ಢಂ' ಸದ್ದು ಎಲ್ಲಿ ಹಾಕೋದು?

ಪಾಕಿಸ್ತಾನವನ್ನು ಆಳಿದ ಸೇನಾಧಿಕಾರಿ ಜಿಯಾ ಉಲ್ ಹಕ್ ಸಾವಿನ ಬಗ್ಗೆ ಒಂದು ಪಾಡ್‌ಕಾಸ್ಟ್ ಕಂತು ಮಾಡೋಣ ಅಂತ ಕೂತಾಗ, ನಾನು ಮೊದಲು ಹುಡುಕಿದ್ದು ಪುಸ್ತಕವನ್ನಲ್ಲ, ಸ್ಫೋಟದ ಸದ್ದನ್ನ. ಒಳ್ಳೆ ಸದ್ದೇ ಸಿಕ್ಕಿತು. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಎದೆ ನಡುಗಬೇಕು, ಹಾಗಿತ್ತು. ವಿಮಾನ ಮೇಲೇರುತ್ತದೆ, ಮಾವಿನಹಣ್ಣಿನ ಪೆಟ್ಟಿಗೆಯಲ್ಲಿ ಬಾಂಬು, ಆಕಾಶದಲ್ಲಿ ಢಂ. ನನ್ನ ತಲೆಯಲ್ಲಿ ಕಥೆ ಅಷ್ಟೇ ಇತ್ತು. ಎಲ್ಲರ ತಲೆಯಲ್ಲೂ ಅಷ್ಟೇ ಇರೋದು, ಅಲ್ವಾ?

ಆಮೇಲೆ ಓದೋಕೆ ಶುರು ಮಾಡಿದೆ. ಎರಡನೇ ವಾರಕ್ಕೆ ಆ ಢಂ ನನ್ನ ಕೈಗೇ ಕಂಟಕವಾಯಿತು.

ಜಗಳವಿಲ್ಲದ ಭಾಗ ಇಷ್ಟು. 1988ರ ಆಗಸ್ಟ್ 17, ಬುಧವಾರ. ಜಿಯಾಗೆ 64 ತುಂಬಿ ಐದೇ ದಿನ. 1977ರ ಜುಲೈನಲ್ಲಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೋ ಸರ್ಕಾರವನ್ನು ಕಿತ್ತುಹಾಕಿ ಕೂತವರು, 11 ವರ್ಷದಿಂದ ಎದ್ದಿರಲಿಲ್ಲ. ಅವತ್ತು ಬಹಾವಲ್ಪುರದ ಹತ್ತಿರ ಅಮೆರಿಕದ ಅಬ್ರಾಮ್ಸ್ ಟ್ಯಾಂಕಿನ ಪ್ರದರ್ಶನ ನೋಡೋಕೆ ಹೋಗಿದ್ದರು. ಟ್ಯಾಂಕು ಗುರಿ ತಪ್ಪಿತು. ಊಟ ಮುಗಿಸಿ, ಮಧ್ಯಾಹ್ನ ಮೂರೂ ಮುಕ್ಕಾಲರ ಹೊತ್ತಿಗೆ 'ಪಾಕ್ ಒನ್' ಅನ್ನೋ ಸಿ-130 ವಿಮಾನ ಹತ್ತಿದರು. ಜೊತೆಗೆ ಜನರಲ್ ಅಖ್ತರ್ ಅಬ್ದುರ್ ರೆಹಮಾನ್, ಅಮೆರಿಕದ ರಾಯಭಾರಿ ಆರ್ನಾಲ್ಡ್ ರಫೆಲ್, ಇನ್ನೂ ಹಲವು ಸೇನಾಧಿಕಾರಿಗಳು. ಕೆಲವೇ ನಿಮಿಷದಲ್ಲಿ ವಿಮಾನ ನೆಲಕ್ಕೆ ಬಡಿಯಿತು. ಸುಮಾರು 30 ಜನ. ಒಬ್ಬರೂ ಉಳಿಯಲಿಲ್ಲ.

ಈಗ ಢಂ ವಿಷಯಕ್ಕೆ ಬರೋಣ. ಪಾಕಿಸ್ತಾನದ ವಾಯುಪಡೆ ಮಾಡಿದ ತನಿಖೆಯಲ್ಲಿ ಅಮೆರಿಕದ ತಜ್ಞರೂ ಇದ್ದರು. ಅವರು ಮೊದಲು ನೋಡಿದ್ದು ಚೂರುಗಳು ಎಲ್ಲೆಲ್ಲಿ ಬಿದ್ದಿವೆ ಅಂತ. ಗಾಳಿಯಲ್ಲೇ ಸಿಡಿದಿದ್ದರೆ ಮೈಲಿಗಟ್ಟಲೆ ಹರಡಿರಬೇಕು. ಹಾಗೆ ಆಗಿರಲಿಲ್ಲ. ನೆಲಕ್ಕೆ ಬಡಿಯುವ ಹೊತ್ತಿಗೂ ಎಂಜಿನ್‌ಗಳು ಓಡುತ್ತಿದ್ದವು. ಬಡಿಯುವ ಮೊದಲು ಬೆಂಕಿಯೂ ಹತ್ತಿರಲಿಲ್ಲ. ನೋಡಿದ ಊರಿನವರು ಹೇಳಿದ್ದು, ವಿಮಾನ ಮೇಲೆ ಕೆಳಗೆ ಮೇಲೆ ಕೆಳಗೆ ತೂಗಾಡಿ ಮೂಗು ಕೆಳಗೆ ಮಾಡಿಕೊಂಡು ಬಿತ್ತು ಅಂತ.

ಅಂದರೆ ನನ್ನ ಢಂ ಆಕಾಶದಲ್ಲಿ ಇರೋ ಹಾಗಿಲ್ಲ. ನೆಲದಲ್ಲಿ ಇರಬೇಕು.

ಬರೆಯುವವರು "ವಿಮಾನ ಸ್ಫೋಟಗೊಂಡು ಪತನವಾಯಿತು" ಅಂತ ಒಂದು ಸಾಲು ಹಾಕಿ ಮುಂದೆ ಹೋಗಬಹುದು. ಸದ್ದು ಕೂರಿಸುವವರಿಗೆ ಆ ಅನುಕೂಲ ಇಲ್ಲ. ಯಾವ ಸೆಕೆಂಡಿನಲ್ಲಿ ಅಂತ ಹೇಳಲೇಬೇಕು. ಆ ಒಂದು ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ ಆಚೆ ಈಚೆ ಎಳೆಯುತ್ತಾ ಕೂತಾಗಲೇ ನನಗೆ ಗೊತ್ತಾಗಿದ್ದು, ಈ ಸಾವಿನ ಇಡೀ ತಕರಾರು ಇರೋದೇ ಅಲ್ಲಿ ಅಂತ.

ಹಾಗಾದರೆ ಬಿದ್ದಿದ್ದು ಯಾಕೆ? 1988ರ ಅಕ್ಟೋಬರ್‌ನಲ್ಲಿ ಬಂದ ಪಾಕಿಸ್ತಾನದ ವರದಿ, ಇದು ಬಹುಶಃ ವಿಧ್ವಂಸಕ ಕೃತ್ಯ ಅಂದಿತು. ಅವಶೇಷದಲ್ಲಿ, ಮಾವಿನ ಓಟೆಯ ಮೇಲೂ ಸೇರಿ, ರಾಸಾಯನಿಕಗಳ ಕುರುಹು ಸಿಕ್ಕಿತ್ತು. ಸಣ್ಣದೊಂದು ಸಾಧನ ಸಿಡಿದು ಅನಿಲ ಹೊರಬಂದು, ಚಾಲಕರಿಗೆ ಪ್ರಜ್ಞೆ ತಪ್ಪಿರಬಹುದು ಅನ್ನೋದು ತರ್ಕ. ಅಮೆರಿಕದ ಕಡೆಯವರು ಬಾಲದ ಎಲಿವೇಟರ್, ಅಂದರೆ ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವ ರೆಕ್ಕೆಯ ಯಂತ್ರದೊಳಗೆ ಸಿಕ್ಕ ಲೋಹದ ಪುಡಿ ತೋರಿಸಿ, ಯಂತ್ರವೇ ಕೈಕೊಟ್ಟಿದೆ ಅಂದರು. ಅಷ್ಟಕ್ಕೆ ಹಿಡಿತ ಸ್ವಲ್ಪ ಮಂದವಾಗಬಹುದು, ವಿಮಾನ ಬೀಳೋದಿಲ್ಲ ಅಂತ ಪಾಕಿಸ್ತಾನದವರ ಉತ್ತರ. ಚಾಲಕರ ಶವಪರೀಕ್ಷೆ ಮಾಡಿದ್ದರೆ ಅನಿಲದ ಮಾತು ಅಲ್ಲೇ ಇತ್ಯರ್ಥ ಆಗುತ್ತಿತ್ತು. ಮಾಡಲಿಲ್ಲ. ನನ್ನನ್ನು ಕೇಳಿದರೆ, ಇಡೀ ಪ್ರಕರಣದಲ್ಲಿ ಜಾಸ್ತಿ ಅನುಮಾನ ಬರೋದು ಅಲ್ಲೇ.

ಮಾವಿನ ಬಗ್ಗೆ ಒಂದು ಮಾತು. ಆಗಸ್ಟ್‌ನಲ್ಲಿ ಮಾವಾ? ಇದು ಯಾರೋ ಕಟ್ಟಿದ ಕಥೆ ಅಂತ ನಾನು ಮೊದಲು ಗೆರೆ ಎಳೆದುಬಿಟ್ಟಿದ್ದೆ. ನಮ್ಮಲ್ಲಿ ಬಾದಾಮಿ, ರಸಪುರಿ ಎಲ್ಲ ಅಷ್ಟು ಹೊತ್ತಿಗೆ ಮುಗಿದು ಉಪ್ಪಿನಕಾಯಿ ಜಾಡಿ ತಳ ಕಾಣುತ್ತಿರುತ್ತದೆ. ಆದರೆ ಮುಲ್ತಾನ್, ಬಹಾವಲ್ಪುರದ ಕಡೆ ಚೌಂಸಾ ಹಣ್ಣಾಗೋದೇ ಜುಲೈ, ಆಗಸ್ಟ್‌ನಲ್ಲಿ. ಪೆಟ್ಟಿಗೆಗಳು ವಿಮಾನಕ್ಕೆ ಏರಿದ್ದು ನಿಜ. ಗೆರೆ ಅಳಿಸಿದೆ.

ಇನ್ನು 'ಯಾರು' ಅನ್ನೋ ಪ್ರಶ್ನೆ. ನೋಟ್‌ಬುಕ್ಕಿನ ಎಡಪುಟದಲ್ಲಿ 'ಹೇಗೆ', ಬಲಪುಟದಲ್ಲಿ 'ಯಾರು' ಅಂತ ಬರೆದುಕೊಂಡಿದ್ದೆ. ಬಲಪುಟ ಒಂದೇ ಸಂಜೆಗೆ ತುಂಬಿತು. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ, ಕಾಬೂಲಿನ ಗುಪ್ತಚರ ಸಂಸ್ಥೆ ಖಾದ್, ಭುಟ್ಟೋ ಮಗ ಮುರ್ತಜಾ, ನಮ್ಮ ರಾ, ಸಿಐಎ, ಇಸ್ರೇಲ್, ಅವರದೇ ಜನರಲ್‌ಗಳು. ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜಾನ್ ಗುಂಥರ್ ಡೀನ್ ಇಸ್ರೇಲ್ ಮೇಲೆ ಅನುಮಾನಪಟ್ಟು ವಾಷಿಂಗ್ಟನ್‌ಗೇ ಹೋದರು. ಅವರ ಮನಸ್ಸು ಸರಿಯಿಲ್ಲ ಅಂತ ಅವರನ್ನೇ ಬದಿಗೆ ಸರಿಸಿದರು. ಉಪ ಸೇನಾ ಮುಖ್ಯಸ್ಥ ಅಸ್ಲಂ ಬೇಗ್ ಬೇರೆ ವಿಮಾನದಲ್ಲಿದ್ದರು. ಹೊಗೆಯ ಮೇಲೆ ಒಂದು ಸುತ್ತು ಹಾಕಿ ಸೀದಾ ರಾವಲ್ಪಿಂಡಿಗೆ ಹೋದರು, ಸೇನೆಯ ಮುಖ್ಯಸ್ಥರಾದರು. ಗಾದಿ ಮಾತ್ರ ಹಿಡಿಯಲಿಲ್ಲ. ಸೆನೆಟ್ ಅಧ್ಯಕ್ಷ ಗುಲಾಂ ಇಶಾಕ್ ಖಾನ್ ಹಂಗಾಮಿ ರಾಷ್ಟ್ರಪತಿ ಆದರು, ನವೆಂಬರ್‌ನಲ್ಲಿ ಚುನಾವಣೆಯೂ ಆಯಿತು.

ಎಡಪುಟ ಅರ್ಧವೂ ತುಂಬಲಿಲ್ಲ. ಇಷ್ಟು ಜನಕ್ಕೆ ಆ ಮನುಷ್ಯ ಸಾಯಬೇಕಿತ್ತು ಅನ್ನೋದು ಅವರ ಆಳ್ವಿಕೆಯ ಬಗ್ಗೆ ಹೇಳುತ್ತದೆಯೇ ಹೊರತು, ವಿಮಾನದ ಬಗ್ಗೆ ಏನೂ ಹೇಳೋದಿಲ್ಲ. ಹಾಗಾಗಿ 40 ನಿಮಿಷದ ಕಂತಿನಲ್ಲಿ 'ಯಾರು'ಗೆ ಎಂಟೇ ನಿಮಿಷ ಕೊಟ್ಟೆ. ಕೇಳಿದವರಿಗೆ ಬೇಜಾರಾಯಿತು, ಅದು ಬೇರೆ ಮಾತು.

ರೆಕಾರ್ಡ್ ಮಾಡಿದ್ದು ಬಟ್ಟೆ ಕಪಾಟಿಗೆ ತಲೆ ತೂರಿಸಿಕೊಂಡು, ಹಿಂದೆ ಕಂಬಳಿ ಇಳಿಬಿಟ್ಟು. ಆ ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇರಲಿಲ್ಲ. ಎಲ್ಲಿದ್ದೀರಿ ಅಂತ ಕೆಳಗಿನಿಂದ ಕೇಳಿದಾಗ ಚಾಲಕ "ಸ್ಟ್ಯಾಂಡ್ ಬೈ" ಅಂದರು. ಆಮೇಲೆ ಮಾತೇ ಇಲ್ಲ. ಆ ಎರಡು ಶಬ್ದ ಹೇಳಿ ಐದು ಸೆಕೆಂಡ್ ಏನೂ ಇಡಲಿಲ್ಲ. ಆಮೇಲೆ ದೂರದಲ್ಲಿ, ಸಣ್ಣಗೆ, ಢಂ.

ಮೊದಲು ಅಮ್ಮನಿಗೆ ಕೇಳಿಸಿದೆ. "ಸ್ಟ್ಯಾಂಡ್ ಬೈ" ಆದಮೇಲೆ ಅವರು ಫೋನ್ ಎತ್ತಿ ತಿರುಗಿಸಿ ನೋಡಿ, "ನಿಂತೋಯ್ತು ಕಣೋ, ಚಾರ್ಜ್ ಇಲ್ವಾ?" ಅಂದರು. ಐದು ಸೆಕೆಂಡನ್ನು ಮೂರು ಮಾಡಿದೆ.